ಬಸ್ಸಿಗೆ ಓಡುವವರನ್ನೂ ಕೇಳಿ: ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸಂಜೆ ಕೊನೆಯ ಬೆಲ್ ಹೊಡೆದ ಮೇಲೆ ಮಂಗಳೂರಿನ ಯಾವುದಾದರೂ ಕಾಲೇಜಿನ ಗೇಟಿನ ಹತ್ತಿರ ಐದು ನಿಮಿಷ ನಿಂತು ನೋಡಿ. ಒಂದು ಗುಂಪು ಮಾತಾಡುತ್ತಾ ಕ್ಯಾಂಟೀನ್ ಕಡೆ ಹೋಗುತ್ತದೆ. ಇನ್ನೊಂದು ಗುಂಪು ಬ್ಯಾಗನ್ನು ಎದೆಗೆ ಒತ್ತಿಕೊಂಡು ಓಡುತ್ತದೆ. ಇವರು ಬೆಳ್ತಂಗಡಿ, ಸುಳ್ಯ, ಕಾರ್ಕಳ, ಉಪ್ಪಳ ಕಡೆಯವರು. ಆ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲೆಯಾಗಿರುತ್ತದೆ. ಉಡುಪಿಯಲ್ಲಿ ಸರ್ವಿಸ್ ಬಸ್ ನಿಲ್ದಾಣದ ಕಡೆಗೂ ಇದೇ ಓಟ. ಅಲ್ಲಿ ಓಡುವವರು ಹೆಬ್ರಿ, ಕುಂದಾಪುರ, ಬೈಂದೂರಿನವರು.

"ಕ್ಯಾಂಪಸ್ ಲೈಫ್ ಹೇಗಿದೆ?" ಎಂದು ಸಮೀಕ್ಷೆಗೆ ಹೊರಡುವವರು ಹೆಚ್ಚಾಗಿ ಕೇಳುವುದು ಮೊದಲ ಗುಂಪನ್ನು. ಯಾಕೆಂದರೆ ಅವರು ಕೈಗೆ ಸಿಗುತ್ತಾರೆ. ಎರಡನೇ ಗುಂಪಿನವರ ಉತ್ತರ ಇಲ್ಲದೆಯೇ ವರದಿ ತಯಾರಾಗುತ್ತದೆ. "ನಮ್ಮ ವಿದ್ಯಾರ್ಥಿಗಳು ಸಾಂಸ್ಕೃತಿಕ ಚಟುವಟಿಕೆಗಳಲ್ಲಿ ತುಂಬಾ ಸಕ್ರಿಯರು" ಎಂದು ಅದರಲ್ಲಿ ಬರೆದಿರುತ್ತದೆ. ಹಲವು ವರ್ಷ ಡಿಗ್ರಿ ಮಕ್ಕಳ ಪ್ರಾಜೆಕ್ಟ್ ನೋಡಿಕೊಂಡ ನನಗೆ ಎಲ್ಲಕ್ಕಿಂತ ಬೇಸರ ಆಗುವುದು ಇದೇ ವಿಷಯಕ್ಕೆ. ಹಾಗಾಗಿ ಈ ಬರಹದಲ್ಲಿ ಮತ್ತೆ ಮತ್ತೆ ಆ ಓಡುವವರ ಹತ್ತಿರವೇ ಬರುತ್ತೇನೆ.

ಬಿಎ, ಬಿಕಾಂ, ಎಂಎಸ್‌ಡಬ್ಲ್ಯು ಪ್ರಾಜೆಕ್ಟ್ ಮಾಡುವವರು, ಎನ್‌ಎಸ್‌ಎಸ್ ನೋಡಿಕೊಳ್ಳುವ ಅಧ್ಯಾಪಕರು, ವಿದ್ಯಾರ್ಥಿ ಸಂಘದವರು, ಎಲ್ಲರಿಗೂ ಇದು ಉಪಯೋಗವಾದೀತು.

1. ಮೊದಲು, ಬೇರೆಯವರು ಕಂಡದ್ದನ್ನು ನೋಡಿ

ಕೇಂದ್ರ ಶಿಕ್ಷಣ ಸಚಿವಾಲಯ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ನಡೆಸುತ್ತದೆ. 2021-22ರ ವರದಿಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದವರು ಸುಮಾರು 4.33 ಕೋಟಿ. ಅವರಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಇದು ತಲೆ ಎಣಿಸುವ ಸಮೀಕ್ಷೆ, ಕಾಲೇಜುಗಳೇ ಅಂಕಿ ತುಂಬಿ ಕೊಡುತ್ತವೆ. ವಿದ್ಯಾರ್ಥಿಯ ಮನಸ್ಸಿನಲ್ಲಿ ಏನಿದೆ ಎಂದು ಇದು ಕೇಳುವುದಿಲ್ಲ.

ಮನಸ್ಸನ್ನು ಕೇಳುವ ಸಮೀಕ್ಷೆಗಳೂ ಇವೆ. ದೆಹಲಿಯಲ್ಲಿ ಸಮಾಜದ ಬಗ್ಗೆ ಸಂಶೋಧನೆ ಮಾಡುವ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ತಂಡ 2016ರಲ್ಲಿ 19 ರಾಜ್ಯಗಳ 6,122 ಯುವಜನರನ್ನು ಮಾತಾಡಿಸಿತು. ಕೆಲಸ, ಮದುವೆ, ರಾಜಕೀಯ, ಆತಂಕ ಎಲ್ಲದರ ಬಗ್ಗೆಯೂ ಕೇಳಿತು. ಅಮೆರಿಕದಲ್ಲಿ 1966ರಿಂದಲೇ ಕಾಲೇಜಿಗೆ ಹೊಸದಾಗಿ ಸೇರುವವರನ್ನು ಕೇಳುವ ದೊಡ್ಡ ಸಮೀಕ್ಷೆ ಶುರುವಾಯಿತು. ಅಲೆಕ್ಸಾಂಡರ್ ಆಸ್ಟಿನ್ ಎಂಬ ವಿದ್ವಾಂಸರು ಅದನ್ನು ಕಟ್ಟಿದರು. ಬದುಕಿಗೆ ಒಂದು ಅರ್ಥ ಕಂಡುಕೊಳ್ಳುವುದು ಬಹಳ ಮುಖ್ಯ ಎಂದು 1960ರ ದಶಕದ ಕೊನೆಗೆ ನೂರರಲ್ಲಿ 80ಕ್ಕಿಂತ ಹೆಚ್ಚು ಮಂದಿ ಹೇಳುತ್ತಿದ್ದರು. ಚೆನ್ನಾಗಿ ದುಡ್ಡು ಮಾಡುವುದು ಮುಖ್ಯ ಎಂದವರು ಅರ್ಧಕ್ಕಿಂತ ಕಡಿಮೆ. ಇಪ್ಪತ್ತು ವರ್ಷದೊಳಗೆ ಇವೆರಡೂ ಅದಲು ಬದಲಾದವು. ಇದು ಗೊತ್ತಾದದ್ದು ಪ್ರಶ್ನೆಯ ಮಾತನ್ನು ಬದಲಿಸದೆ ಅದನ್ನೇ ವರ್ಷ ವರ್ಷ ಕೇಳಿದ್ದರಿಂದ.

ನನಗೆ ಬಹಳ ಇಷ್ಟವಾದ ಇನ್ನೊಂದು ಅಧ್ಯಯನವಿದೆ. ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ್ದು. ಕ್ಯಾಂಪಸ್ಸಿನಲ್ಲಿ ಕುಡಿಯುವ ಅಭ್ಯಾಸದ ಬಗ್ಗೆ ನಿಮಗೇನು ಅನಿಸುತ್ತದೆ, ಉಳಿದವರಿಗೆ ಏನು ಅನಿಸುತ್ತಿರಬಹುದು ಎಂದು ಎರಡನ್ನೂ ಕೇಳಿದರು. ತನಗೆ ಮುಜುಗರ ಇದೆ, ಆದರೆ ಬೇರೆಯವರಿಗೆ ಅಷ್ಟಿಲ್ಲ ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಂದುಕೊಂಡಿದ್ದರು. ಎಲ್ಲರೂ ಒಳಗೊಳಗೇ ಒಂದೇ ರೀತಿ ಯೋಚಿಸುತ್ತಿದ್ದರೂ ಪ್ರತಿಯೊಬ್ಬನಿಗೂ ತಾನೊಬ್ಬನೇ ಹೀಗೆ ಅನಿಸುತ್ತಿತ್ತು. ಇಂಥದ್ದನ್ನು ಹೊರಗೆ ತರುವ ಶಕ್ತಿ ಸಮೀಕ್ಷೆಗೆ ಇದೆ. ಹೇಗೆಂದು ಮುಂದೆ ಹೇಳುತ್ತೇನೆ.

2. ವಿಷಯ ಚಿಕ್ಕದಾಗಲಿ

"ಕರಾವಳಿಯ ವಿದ್ಯಾರ್ಥಿಗಳ ಮನೋಭಾವ" ಎಂಬ ತಲೆಬರಹ ಹಿಡಿದುಕೊಂಡು ಬರುವವರನ್ನು ನಾನು ಮೊದಲು ಕೂರಿಸುತ್ತೇನೆ. ಆಮೇಲೆ ಕೇಳುವುದು ಒಂದೇ ಮಾತು: ಉತ್ತರ ಸಿಕ್ಕಿದ ಮೇಲೆ ಕಾಲೇಜಿನಲ್ಲಿ ಯಾವುದು ಬದಲಾಗಬಹುದು? ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಳೆಯುವವರು ಕ್ಲಬ್, ಎನ್‌ಸಿಸಿ, ಯಕ್ಷಗಾನ ತಂಡ, ಲೈಬ್ರರಿಯಿಂದ ದೂರ ಉಳಿಯುತ್ತಿದ್ದಾರಾ? ಇದು ಒಳ್ಳೆಯ ಪ್ರಶ್ನೆ. ಉತ್ತರ ಹೌದಾದರೆ ಕ್ಲಬ್ಬಿನ ಸಮಯವನ್ನು ಮಧ್ಯಾಹ್ನಕ್ಕೆ ತರಬಹುದು. ಇದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ.

3. ಅನುಮತಿ

ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆಯಿರಿ, ಪ್ರಶ್ನಾವಳಿಯನ್ನೂ ಜೊತೆಗಿಟ್ಟು ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ನೋಡುತ್ತದೆ. ಮೊದಲ ವರ್ಷದ ಡಿಗ್ರಿಯಲ್ಲಿ 17 ವರ್ಷದವರೂ ಇರುತ್ತಾರೆ. ಅವರ ಪೋಷಕರ ಒಪ್ಪಿಗೆ ತನ್ನಿ. ಆಗದಿದ್ದರೆ ಅವರನ್ನು ಬಿಡಿ, ಬಿಟ್ಟಿದ್ದೀರೆಂದು ವರದಿಯಲ್ಲಿ ಬರೆಯಿರಿ.

4. ಯಾರನ್ನು ಕೇಳುವುದು

ಇಲ್ಲಿ ಅವಸರ ಬೇಡ. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಎಲ್ಲರೂ ಮಾಡುವುದೇನು? ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು. ರಾತ್ರಿ ನೋಡಿದರೆ ನೂರಾರು ಉತ್ತರ ಬಂದಿರುತ್ತದೆ, ಖುಷಿಯಾಗುತ್ತದೆ. ಆದರೆ ಯಾರು ತುಂಬಿದರು? ನಿಮ್ಮ ಸ್ನೇಹಿತರು, ವಿಷಯದ ಬಗ್ಗೆ ಮೊದಲೇ ಆಸಕ್ತಿ ಇದ್ದವರು, ಏನೋ ಸಿಟ್ಟು ಇದ್ದವರು. ಸಂಖ್ಯೆ ದೊಡ್ಡದಾದರೆ ಈ ತಪ್ಪು ಸರಿಹೋಗುವುದಿಲ್ಲ. 1936ರ ಅಮೆರಿಕದ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಚೀಟಿ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಪತ್ರಿಕೆ ವಿಳಾಸ ತೆಗೆದದ್ದು ಫೋನ್ ಮತ್ತು ಕಾರು ಇದ್ದವರಂಥ ಪಟ್ಟಿಗಳಿಂದ. ಅದರಲ್ಲೂ ಉತ್ತರ ಬರೆದು ಕಳಿಸುವ ಮನಸ್ಸು ಮಾಡಿದವರು ಕೆಲವರು ಮಾತ್ರ. ನಮ್ಮ ವಾಟ್ಸ್‌ಆ್ಯಪ್ ಲಿಂಕಿನ ಕಥೆಯೂ ಅದೇ ಅಲ್ವಾ?

ಹಾಗಾದರೆ ದಾರಿ ಯಾವುದು? ಹಾಜರಿ ಪುಸ್ತಕ. ಕಾಲೇಜಿನ ಪ್ರತಿಯೊಬ್ಬರ ಹೆಸರೂ ಅದರಲ್ಲಿದೆ. ಬಸ್ಸಿಗೆ ಓಡುವವರದ್ದೂ ಇದೆ, ಹಾಸ್ಟೆಲಿನವರದ್ದೂ ಇದೆ.

ನಿಮ್ಮ ಕಾಲೇಜಿನಲ್ಲಿ 1,200 ಮಂದಿ ಇದ್ದಾರೆ ಎಂದಿಟ್ಟುಕೊಳ್ಳಿ. ನಿಮಗೆ ಸಿಕ್ಕ ಅಂಕಿಗೂ ಇಡೀ ಕಾಲೇಜಿನ ನಿಜವಾದ ಅಂಕಿಗೂ ಆ ಕಡೆ ಈ ಕಡೆ ಶೇಕಡಾ 5ರ ವ್ಯತ್ಯಾಸ ಇದ್ದರೆ ಪರವಾಗಿಲ್ಲ ಎಂದಾದರೆ ಸುಮಾರು 291 ಮಂದಿ ಬೇಕು. ಸುಲಭಕ್ಕೆ 300 ಮಾಡಿ. 1,200ನ್ನು 300ರಿಂದ ಭಾಗಿಸಿದರೆ 4. ಅಂದರೆ ಪ್ರತಿ ನಾಲ್ಕನೆಯವರು. ಎಲ್ಲಿಂದ ಶುರು? 1ರಿಂದ 4ರವರೆಗೆ ಚೀಟಿ ಬರೆದು ಒಂದು ಎತ್ತಿ. 3 ಬಂತೆನ್ನಿ. ಹಾಗಾದರೆ 3, 7, 11, 15 ಹೀಗೆ ಹೋಗಿ. ಒಂದು ಕ್ಲಾಸಿನ ಪಟ್ಟಿ ಮುಗಿದರೆ ಎಣಿಕೆ ನಿಲ್ಲಿಸದೆ ಮುಂದಿನ ಕ್ಲಾಸಿಗೆ ಹೋಗಿ. ಬಿಕಾಂನಲ್ಲಿ ಜಾಸ್ತಿ ಮಕ್ಕಳಿದ್ದರೆ ಅಲ್ಲಿಂದ ಜಾಸ್ತಿ ಬರುತ್ತಾರೆ, ಬಿಎಸ್ಸಿಯಲ್ಲಿ ಕಡಿಮೆ ಇದ್ದರೆ ಕಡಿಮೆ. ಪಾಲು ತಾನಾಗಿಯೇ ಸರಿಯಾಗುತ್ತದೆ.

500 ಮಂದಿಯ ಕಾಲೇಜಿಗೆ 217, 2,000ಕ್ಕೆ 322 ಸಾಕು. ಕಾಲೇಜು ನಾಲ್ಕು ಪಟ್ಟು ದೊಡ್ಡದಾದರೆ ಸ್ಯಾಂಪಲ್, ಅಂದರೆ ಕೇಳಲು ಆರಿಸಿದವರ ಗುಂಪು, ನಾಲ್ಕು ಪಟ್ಟು ಬೇಡ. ಸ್ಯಾಂಪಲಿನೊಳಗಿನ ಸಣ್ಣ ಗುಂಪುಗಳ ವಿಷಯದಲ್ಲಿ ಮಾತ್ರ ಎಚ್ಚರ. 1ನ್ನು ಆ ಗುಂಪಿನ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ವ್ಯತ್ಯಾಸದ ಅಂದಾಜು ಸಿಗುತ್ತದೆ. 100 ಮಂದಿ ಇದ್ದರೆ ಶೇಕಡಾ 10. 25 ಮಂದಿ ಇದ್ದರೆ ಶೇಕಡಾ 20. ಹಾಸ್ಟೆಲಿನ 25 ಮಂದಿಯಲ್ಲಿ ಶೇಕಡಾ 60ರಷ್ಟು ಜನ ಹೀಗೆ ಹೇಳಿದರು ಎಂದು ಬರೆದರೆ, ನಿಜ 40 ಇರಬಹುದು, 80 ಕೂಡ ಇರಬಹುದು. ಅಷ್ಟು ಚಿಕ್ಕ ಗುಂಪಿನ ಬಗ್ಗೆ ಜೋರಾಗಿ ಮಾತಾಡಬೇಡಿ.

5. ಪ್ರಶ್ನೆ ಬರೆಯುವುದು

ನಾನು ಮೊದಲು ಮಾಡಿಸಿದ ಸಮೀಕ್ಷೆಯಲ್ಲಿ ಫಾರ್ಮಿನ ತಲೆಯಲ್ಲೇ ರಿಜಿಸ್ಟರ್ ನಂಬರಿಗೆ ಜಾಗ ಇಟ್ಟಿದ್ದೆವು. ಉತ್ತರಗಳು ಬಂದವು. ಎಲ್ಲರಿಗೂ ಎಲ್ಲವೂ "ತುಂಬಾ ಒಳ್ಳೆಯದು". ಒಬ್ಬ ಹುಡುಗನ ಹತ್ತಿರ ಆಮೇಲೆ ಕೇಳಿದೆ. "ಮೇಡಂ, ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲೇ ಉಂಟಲ್ಲ" ಅಂದ. ಅವನು ಹೇಳಿದ್ದು ಸರಿ. ಆ ರಾಶಿ ಕಾಗದವನ್ನು ಪೂರ್ತಿ ಬದಿಗಿಡಬೇಕಾಯಿತು. ಹೆಸರು, ರಿಜಿಸ್ಟರ್ ನಂಬರ್, ಇಮೇಲ್ ಯಾವುದೂ ಬೇಡ. ಗೂಗಲ್ ಫಾರ್ಮ್ ಬಳಸಿದರೆ ಇಮೇಲ್ ಸಂಗ್ರಹಿಸುವ ಸೆಟ್ಟಿಂಗ್ ಆಫ್ ಇದೆಯಾ ಎಂದು ಎರಡು ಸಲ ನೋಡಿ.

ಇನ್ನೊಂದು ತೊಡಕಿದೆ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಒಂದು ಭಾಗ. ಹಾಗಾಗಿ ಯಾವ ಫಾರ್ಮ್ ಕಂಡರೂ ಮಕ್ಕಳು "ಇದು ನ್ಯಾಕಿಗೆ" ಎಂದುಕೊಂಡು ಕಾಲೇಜಿನ ಮಾನ ಉಳಿಸುವ ಉತ್ತರ ಬರೆಯುತ್ತಾರೆ. ಇದು ಅದಕ್ಕಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಈಗ ಪ್ರಶ್ನೆಗಳು. ಅಭಿಪ್ರಾಯಕ್ಕಿಂತ ಮೊದಲು ನಡೆದದ್ದನ್ನು ಕೇಳಿ. "ನೀವು ದಿನಕ್ಕೆ ಎಷ್ಟು ಗಂಟೆ ಓದುತ್ತೀರಿ?" ಎಂದರೆ ಎಲ್ಲರೂ ತಾವು ಓದಬೇಕೆಂದುಕೊಂಡದ್ದನ್ನು ಹೇಳುತ್ತಾರೆ. "ನಿನ್ನೆ ಕಾಲೇಜು ಬಿಟ್ಟ ಮೇಲೆ ಎಷ್ಟು ಹೊತ್ತು ಓದಿದಿರಿ?" ಎಂದು ಕೇಳಿ. "ಲೈಬ್ರರಿಗೆ ಆಗಾಗ ಹೋಗುತ್ತೀರಾ?" ಎಂಬುದರಲ್ಲಿ "ಆಗಾಗ" ಅಂದರೆ ಒಬ್ಬೊಬ್ಬರಿಗೆ ಒಂದೊಂದು. "ಕಳೆದ ಏಳು ದಿನಗಳಲ್ಲಿ ಎಷ್ಟು ಸಲ ಹೋದಿರಿ?" ಸರಿಯಾದ ಪ್ರಶ್ನೆ. ಮೊಬೈಲ್ ಬಳಕೆಗೆ ಅಂದಾಜು ಬೇಡ. ಹೆಚ್ಚಿನ ಫೋನ್‌ಗಳ ಸೆಟ್ಟಿಂಗ್‌ನಲ್ಲೇ ಸ್ಕ್ರೀನ್ ಟೈಮ್ ಇರುತ್ತದೆ, ಅದನ್ನು ತೆರೆದು ನೋಡಿ ಬರೆಯಲು ಹೇಳಿ.

ನಮ್ಮ ಉದಾಹರಣೆಗೆ ಬೇಕಾದ ಪ್ರಶ್ನೆಗಳು ಹೀಗಿರಬಹುದು. ಇವತ್ತು ಬೆಳಿಗ್ಗೆ ಮನೆಯಿಂದ ಎಷ್ಟು ಗಂಟೆಗೆ ಹೊರಟಿರಿ? ಎಷ್ಟು ಬಸ್ ಬದಲಿಸಿದಿರಿ? ನಿನ್ನೆ ಮನೆ ತಲುಪುವಾಗ ಎಷ್ಟು ಗಂಟೆ? ಈ ಸೆಮಿಸ್ಟರ್‌ನಲ್ಲಿ ಕ್ಲಾಸ್ ಮುಗಿದ ಮೇಲಿನ ಯಾವುದಾದರೂ ಚಟುವಟಿಕೆಗೆ ಸೇರಿದ್ದೀರಾ? ಸೇರಿಲ್ಲದಿದ್ದರೆ ಮುಖ್ಯ ಕಾರಣ ಯಾವುದು? ಇದಕ್ಕೆ ಆಯ್ಕೆ ಕೊಡುವಾಗ "ಬಸ್ಸಿನ ಸಮಯ", "ಮನೆಯಲ್ಲಿ ಒಪ್ಪುವುದಿಲ್ಲ", "ಪಾರ್ಟ್ ಟೈಮ್ ಕೆಲಸ ಇದೆ", "ಆಸಕ್ತಿ ಇಲ್ಲ", "ಯಾರೂ ಕರೆಯಲಿಲ್ಲ" ಎಂಬುವು ಇರಲಿ. ಕೊನೆಯದನ್ನು ಮರೆಯಬೇಡಿ. ಅದಕ್ಕೆ ಗುರುತು ಹಾಕುವವರು ಇರುತ್ತಾರೆ.

ಅಭಿಪ್ರಾಯ ಕೇಳಲು ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟ ಐದು ಮೆಟ್ಟಿಲಿನ ಕ್ರಮ ಇದೆ: ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬವರೆಗೆ. ಎಲ್ಲ ವಾಕ್ಯಗಳೂ ಹೊಗಳುವಂತೆ ಇದ್ದರೆ ಮಕ್ಕಳು ಒಂದೇ ಸಾಲಿನಲ್ಲಿ ಗೆರೆ ಎಳೆದು ಬಿಡುತ್ತಾರೆ. "ಈ ಕಾಲೇಜಿನಲ್ಲಿ ನನಗೆ ಒಂಟಿ ಅನಿಸುತ್ತದೆ" ಎಂಬಂಥ ಉಲ್ಟಾ ವಾಕ್ಯಗಳನ್ನು ನಡುವೆ ಸೇರಿಸಿ. ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಲಿ. "ಅಧ್ಯಾಪಕರು ಮತ್ತು ಕ್ಯಾಂಟೀನ್ ಚೆನ್ನಾಗಿದೆ" ಎಂದರೆ ಪಾಠ ಇಷ್ಟವಿದ್ದು ಸಾಂಬಾರ್ ಇಷ್ಟವಿಲ್ಲದವರು ಎಲ್ಲಿ ಗುರುತು ಹಾಕಬೇಕು?

ಪ್ರಿನ್ಸ್‌ಟನ್‌ನ ಪಾಠವನ್ನು ಬಳಸುವುದು ಇಲ್ಲಿಯೇ. ಜೋಡಿ ಪ್ರಶ್ನೆ ಕೇಳಿ. "ಬೇರೆ ಧರ್ಮದ ಸಹಪಾಠಿಗಳ ಜೊತೆ ಊಟಕ್ಕೆ ಕೂರಲು ನಿಮಗೆ ಎಷ್ಟು ಸಲೀಸು?" ಅದರ ಕೆಳಗೇ, "ನಿಮ್ಮ ಕ್ಲಾಸಿನ ಹೆಚ್ಚಿನವರಿಗೆ ಎಷ್ಟು ಸಲೀಸು ಎಂದು ನಿಮಗನಿಸುತ್ತದೆ?" ಎರಡರ ನಡುವೆ ಅಂತರ ಕಂಡರೆ ಅದೇ ದೊಡ್ಡ ಸುದ್ದಿ. ನಮ್ಮ ಊರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹೊರಗಿನ ಗಲಾಟೆಯ ಸುದ್ದಿ ಓದಿ "ನನ್ನನ್ನು ಬಿಟ್ಟು ಉಳಿದವರೆಲ್ಲ ಹೀಗೆಯೇ" ಎಂದು ಒಬ್ಬೊಬ್ಬರೂ ಅಂದುಕೊಂಡಿದ್ದರೆ, ಅದು ಹಾಗಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ನೇರವಾಗಿ ಕೇಳಲಾಗದ ವಿಷಯಕ್ಕೆ ನಾಣ್ಯ ಬಳಸಿ. ಸ್ಟಾನ್ಲಿ ವಾರ್ನರ್ 1965ರಲ್ಲಿ ತೋರಿಸಿದ ಉಪಾಯದಿಂದ ಬೆಳೆದ ವಿಧಾನ ಇದು. ಇಂಟರ್ನಲ್ ಪರೀಕ್ಷೆಯಲ್ಲಿ ನಕಲು ಮಾಡಿದ್ದೀರಾ ಎಂದು ಕೇಳಬೇಕು ಅನ್ನಿ. ಪ್ರತಿಯೊಬ್ಬರೂ ಡೆಸ್ಕಿನ ಕೆಳಗೆ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ಸುಮ್ನೆ "ಹೌದು" ಎಂದು ಬರೆಯಬೇಕು. ಅಂಕಿ ಬಿದ್ದರೆ ನಿಜ ಬರೆಯಬೇಕು. "ಹೌದು" ಎಂದು ಬರೆದವನು ನಿಜವಾಗಿ ನಕಲು ಮಾಡಿದನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಲೆಕ್ಕ ಸಿಗುತ್ತದೆ. 200 ಮಂದಿಯಲ್ಲಿ 130 "ಹೌದು" ಬಂದರೆ, ಸುಮಾರು 100 ನಾಣ್ಯದ್ದು. ಉಳಿದ 100 ಮಂದಿಯಲ್ಲಿ 30 ನಿಜವಾದ "ಹೌದು", ಅಂದರೆ ಶೇಕಡಾ 30. ಮಕ್ಕಳಿಗೆ ಇದನ್ನು ಬೋರ್ಡಿನಲ್ಲಿ ಬಿಡಿಸಿ ಹೇಳಿ. ಅರ್ಥವಾದ ಮೇಲೆ ಅವರ ಮುಖ ಸಡಿಲಾಗುವುದನ್ನು ನಾನೇ ನೋಡಿದ್ದೇನೆ.

ಒಂಟಿತನ, ಆತಂಕದ ಬಗ್ಗೆ ಕೇಳುವುದಾದರೆ ಫಾರ್ಮಿನ ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಾಕಲೇಬೇಕು. ರ್‍ಯಾಗಿಂಗ್ ಬಗ್ಗೆ ಕೇಳಿದರೆ ರ್‍ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಕೂಡ ಇರಲಿ. ನೋವಿನ ಪ್ರಶ್ನೆ ಕೇಳಿ ಎದ್ದು ಹೋಗುವುದು ಸರಿಯಲ್ಲ.

6. ಹತ್ತು ಮಂದಿಯಿಂದ ಗಟ್ಟಿಯಾಗಿ ಓದಿಸಿ

ಫಾರ್ಮ್ ಜೆರಾಕ್ಸ್ ಮಾಡಿಸುವ ಮೊದಲು ಹತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ. ಪ್ರಶ್ನೆ ಓದಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲಿ. ಒಮ್ಮೆ "ನಿಮಗೆ ಒತ್ತಡ ಇದೆಯೇ?" ಎಂದು ಬರೆದಿದ್ದೆವು. ಸುಳ್ಯ ಕಡೆಯ ಹುಡುಗಿಯೊಬ್ಬಳು ಓದಿ, ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪನಿಗೆ ಉಂಟು ಮೇಡಂ, ಮಾತ್ರೆ ತಗೊಳ್ತಾರೆ. ನಂಗೆ ಇಲ್ಲ" ಅಂದಳು. ಅವಳಿಗೆ ಹೊಳೆದದ್ದು ರಕ್ತದೊತ್ತಡ. ಆ ಪ್ರಶ್ನೆಯನ್ನು "ಪರೀಕ್ಷೆ, ಮಾರ್ಕ್ಸ್ ನೆನೆದು ಕಳೆದ ವಾರ ಎಷ್ಟು ದಿನ ಟೆನ್ಷನ್ ಆಯಿತು?" ಎಂದು ಬದಲಿಸಿದೆವು. ಆ ಹುಡುಗಿಯನ್ನು ಕೂರಿಸದೇ ಇದ್ದಿದ್ದರೆ ನೂರಾರು ಫಾರ್ಮ್ ಹಾಳಾಗುತ್ತಿತ್ತು.

ಕಾಸರಗೋಡು ಕಡೆಯ ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷ್ ಪ್ರತಿಯೂ ಇರಲಿ. ತುಳುವಿನಲ್ಲಿ ಬಿಡಿಸಿ ಹೇಳಬೇಕಾದರೆ ಏನು ಹೇಳಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.

7. ತರಗತಿಗೆ ಹೋಗುವ ದಿನ

ಮೊದಲ ಪೀರಿಯಡ್ ಬೇಡ. ಮಳೆಗಾಲದಲ್ಲಂತೂ ಬಸ್ಸು ತಡವಾಗಿ ದೂರದವರು ಇನ್ನೂ ಬಂದಿರುವುದಿಲ್ಲ. ಕೊನೆಯ ಪೀರಿಯಡ್ ಕೂಡ ಬೇಡ, ಅವರ ಮನಸ್ಸು ಆಗಲೇ ಬಸ್ಸಿನಲ್ಲಿ ಇರುತ್ತದೆ. ಎರಡನೆಯದೋ ಮೂರನೆಯದೋ ಸರಿ. ಇಂಟರ್ನಲ್ ಪರೀಕ್ಷೆಯ ವಾರ, ಕಾಲೇಜ್ ಡೇ ವಾರ ಬಿಟ್ಟುಬಿಡಿ. ನವೆಂಬರಿನಿಂದ ಬೇಸಿಗೆವರೆಗೆ ಊರಲ್ಲಿ ಕೋಲ, ಕಂಬಳ, ಯಕ್ಷಗಾನ ಇರುತ್ತದೆ. ರಾತ್ರಿ ನಿದ್ದೆ ಬಿಟ್ಟವರು ಮರುದಿನ ರಜೆ ಹಾಕಿರಬಹುದು, ವಿಚಾರಿಸಿ ದಿನ ಗೊತ್ತು ಮಾಡಿ.

ಆ ಕ್ಲಾಸಿನ ಅಧ್ಯಾಪಕರು ಹದಿನೈದು ನಿಮಿಷ ಹೊರಗೆ ಹೋಗಲಿ. ಪಟ್ಟಿಯಲ್ಲಿ ಬಂದವರನ್ನು ಒಂದು ಬೆಂಚು ಬಿಟ್ಟು ಒಂದು ಬೆಂಚಿನಲ್ಲಿ ಕೂರಿಸಿ. ತುಂಬಿದ ಕಾಗದವನ್ನು ಮಡಚಿ ಅವರೇ ಸೀಲ್ ಮಾಡಿದ ಡಬ್ಬಕ್ಕೆ ಹಾಕಬೇಕು, ನಿಮ್ಮ ಕೈಗೆ ಕೊಡಬಾರದು. ಇಷ್ಟವಿಲ್ಲದವರು ಖಾಲಿ ಕಾಗದ ಹಾಕಬಹುದು ಎಂದು ಜೋರಾಗಿ ಹೇಳಿ.

ಅವತ್ತು ಬಾರದವರ ಹೆಸರು ಬರೆದುಕೊಳ್ಳಿ. ಅವರ ಬದಲಿಗೆ ಪಕ್ಕದವರನ್ನು ಹಾಕಬೇಡಿ. ಎಲ್ಲರೂ ಎಡವುವುದು ಇಲ್ಲೇ. ಬಾರದವರಲ್ಲಿ ಕೆಲಸಕ್ಕೆ ಹೋಗುವವರು ಇರುತ್ತಾರೆ, ಹುಷಾರಿಲ್ಲದವರು ಇರುತ್ತಾರೆ, ಕಾಲೇಜೇ ಬೇಡ ಅನಿಸಿದವರು ಇರುತ್ತಾರೆ. ನಿಮ್ಮ ವಿಷಯಕ್ಕೆ ಇವರ ಉತ್ತರ ಎಲ್ಲರದ್ದಕ್ಕಿಂತ ಮುಖ್ಯ. ಕನಿಷ್ಠ ಎರಡು ಸಲ ಮತ್ತೆ ಹೋಗಿ.

8. ಲೆಕ್ಕ

ಎಕ್ಸೆಲ್‌ನಲ್ಲಿ ಒಬ್ಬರಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಉತ್ತರ ಕೊಡದಿದ್ದರೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. "ಗೊತ್ತಿಲ್ಲ" ಎಂಬುದಕ್ಕೆ ಬೇರೆ ಸಂಕೇತ ಇರಲಿ. ಮೂವತ್ತು ಫಾರ್ಮ್‌ಗಳನ್ನು ಇನ್ನೊಬ್ಬರಿಂದ ಮತ್ತೆ ತುಂಬಿಸಿ ತಾಳೆ ನೋಡಿ.

ಪ್ರಯಾಣದ ಸಮಯಕ್ಕೆ ಸರಾಸರಿಗಿಂತ ಮಧ್ಯದ ಅಂಕಿ ಒಳ್ಳೆಯದು. ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ನಿಲ್ಲಿಸಿದರೆ ನಡುವೆ ನಿಂತವರ ಅಂಕಿ ಅದು. ಬೈಂದೂರಿನಿಂದ ಬರುವ ನಾಲ್ಕು ಮಂದಿ ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತಾರೆ, ಮಧ್ಯದ ಅಂಕಿಯನ್ನು ಹಾಗೆ ಎಳೆಯಲು ಆಗುವುದಿಲ್ಲ.

ಎಕ್ಸೆಲ್‌ನಲ್ಲಿ ಎರಡು ಪ್ರಶ್ನೆಗಳ ಉತ್ತರವನ್ನು ಒಟ್ಟಿಗೆ ಎಣಿಸುವ ಪಿವಟ್ ಟೇಬಲ್ ಹಾಕುವಾಗ ಶೇಕಡಾವಾರು ಯಾವ ಕಡೆಗೆ ಎಂದು ನೋಡಿ. ಲೆಕ್ಕ ಕಲಿಯಲು ಒಂದು ಕಲ್ಪಿತ ಉದಾಹರಣೆ: ದೂರದಿಂದ ಬರುವವರು 120, ಅವರಲ್ಲಿ ಕ್ಲಬ್ ಸೇರಿದವರು 48. ಹತ್ತಿರದವರು 180, ಅವರಲ್ಲಿ ಸೇರಿದವರು 108. ದೂರದವರಲ್ಲಿ ಶೇಕಡಾ 40, ಹತ್ತಿರದವರಲ್ಲಿ ಶೇಕಡಾ 60 ಸೇರಿದ್ದಾರೆ. ನಮ್ಮ ಪ್ರಶ್ನೆಗೆ ಇದೇ ಉತ್ತರ. ಇದನ್ನೇ ತಿರುಗಿಸಿ "ಕ್ಲಬ್ ಸದಸ್ಯರಲ್ಲಿ ಶೇಕಡಾ 31 ಮಂದಿ ದೂರದವರು" ಎಂದರೆ ಅಂಕಿ ತಪ್ಪಲ್ಲ. ಆದರೆ ದೂರದವರಿಗೆ ಏನಾಗುತ್ತಿದೆ ಎಂಬುದು ಅದರಲ್ಲಿ ಕಾಣುವುದೇ ಇಲ್ಲ.

ವ್ಯತ್ಯಾಸ ಕಂಡ ಕೂಡಲೇ "ಬಸ್ಸೇ ಕಾರಣ" ಎಂದು ಬರೆಯಬೇಡಿ. ದೂರದಿಂದ ಬರುವವರಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುವವರೂ ಜಾಸ್ತಿ ಇರಬಹುದು. ಕೆಲಸ ಇಲ್ಲದವರನ್ನು ಮಾತ್ರ ತೆಗೆದುಕೊಂಡು ಮತ್ತೆ ಹೋಲಿಸಿ. ಆಗಲೂ ಅಂತರ ಉಳಿದರೆ ಬಸ್ಸಿನ ಮಾತಿಗೆ ಬಲ ಬರುತ್ತದೆ.

9. ಬರೆಯುವುದು, ವಾಪಸ್ ಕೊಡುವುದು

ವರದಿಯ ಮೊದಲ ಪುಟದಲ್ಲೇ ಇವಿಷ್ಟು ಬರಲಿ: ಎಷ್ಟು ಮಂದಿಯನ್ನು ಆರಿಸಿದಿರಿ, ಎಷ್ಟು ಮಂದಿ ಉತ್ತರಿಸಿದರು, ಯಾವ ತಿಂಗಳು, ಉತ್ತರ ಕೊಡದವರು ಯಾವ ಕ್ಲಾಸಿನವರು. ನಿಮ್ಮ ಕಾಲೇಜನ್ನು ಮಾತ್ರ ಕೇಳಿದ್ದರೆ "ಕರಾವಳಿಯ ಯುವಜನ" ಎಂದು ಬರೆಯಲು ಹಕ್ಕಿಲ್ಲ. 1868ರಿಂದ ನಡೆದುಬಂದ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನ ಮಕ್ಕಳ ದಿನಚರಿಯೇ ಬೇರೆ, ಮಣಿಪಾಲದ ಹಾಸ್ಟೆಲುಗಳಲ್ಲಿರುವವರದ್ದೇ ಬೇರೆ.

ಹತ್ತು ಮಂದಿಗಿಂತ ಚಿಕ್ಕ ಗುಂಪಿನ ಅಂಕಿ ಪ್ರಕಟಿಸಬೇಡಿ. ಕೊನೆಯ ವರ್ಷದ ಬಿಎಸ್ಸಿಯಲ್ಲಿ ಮನೆಯಲ್ಲಿ ಕೊಂಕಣಿ ಮಾತಾಡುವ, ಹಾಸ್ಟೆಲಿನಲ್ಲಿರುವ ಹುಡುಗಿ ಒಬ್ಬಳೇ ಇರಬಹುದು. ಹೆಸರು ಬರೆಯದಿದ್ದರೂ ಇಡೀ ಕ್ಲಾಸಿಗೆ ಅವಳು ಯಾರೆಂದು ಗೊತ್ತಾಗುತ್ತದೆ.

ಕೊನೆಗೆ, ಅದೇ ಕ್ಲಾಸುಗಳಿಗೆ ವಾಪಸ್ ಹೋಗಿ. ಒಂದು ಪುಟದಲ್ಲಿ ಕಂಡದ್ದನ್ನು ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಜೋಡಿ ಪ್ರಶ್ನೆಯ ಫಲಿತಾಂಶವನ್ನು ಮಾತ್ರ ನೀವೇ ನಿಂತು ಓದಿ ಹೇಳಿ. ಪಕ್ಕದವನಿಗೂ ತನ್ನಂತೆಯೇ ಅನಿಸುತ್ತಿತ್ತು ಎಂದು ಗೊತ್ತಾದಾಗ ಕ್ಲಾಸಿನಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಪ್ರಾಂಶುಪಾಲರ ಹತ್ತಿರ ಬಸ್ಸಿನ ಸಮಯದ ಪುಟ ಹಿಡಿದುಕೊಂಡು ಹೋಗಿ, ಕ್ಲಬ್ಬಿನ ಗಂಟೆಯನ್ನು ಮಧ್ಯಾಹ್ನಕ್ಕೆ ತರಲು ಕೇಳಿ.

ಆರಿಸಿದ ಹೆಸರುಗಳ ಪಟ್ಟಿಯನ್ನು ಹರಿದು ಹಾಕಿ. ಪ್ರಶ್ನಾವಳಿಯನ್ನು ಮಾತ್ರ ವಿಭಾಗದ ಕಪಾಟಿನಲ್ಲಿ ತಿಂಗಳು, ವರ್ಷ ಬರೆದು ಜೋಪಾನ ಮಾಡಿ. ಮುಂದಿನ ಬ್ಯಾಚಿನವರು ಪ್ರಾಜೆಕ್ಟ್ ಕೇಳಿಕೊಂಡು ಬಂದಾಗ ಅದನ್ನು ಕೈಗೆ ಕೊಡಿ. ಒಂದು ಪದವನ್ನೂ ಬದಲಿಸದೆ ಅದನ್ನೇ ಕೇಳಲಿ.